ತಾಯಿನೀರಿನ ಚೊಂಬು

ಕಾಳುಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಒಂದು ಹೆಸರುಕಾಳಿಗೆ ಕತ್ತಲೆಂದರೆ ಭಯವಂತೆ, ತಾಯಿ ಪಕ್ಕದಲ್ಲಿಲ್ಲದೆ ಕಣ್ಣೇ ಬಿಡುತ್ತಿರಲಿಲ್ಲವಂತೆ — ಈಗ್ಯಾಕೆ ಅಜ್ಜಿ ಹೇಳುತ್ತಿದ್ದ ಆ ಕಥೆ, ಶೆಡ್ಡಿನ ತಗಡಿನ ತೂತಿನಿಂದ ಬಿಸಿಲು ಚೊಂಬಿನ ಮೇಲೆ ಬಿದ್ದಿದೆ, ಅದಕ್ಕೇ ಇರಬೇಕು, ಅಜ್ಜಿಯ ಹಿತ್ತಾಳೆ ಚೊಂಬು, ಒಳಗೆ ತಾಯಿನೀರು, ಹೋದ ಸಲ ಕಾಳು ನೆನೆಸಿದ ನೀರನ್ನು ಚೆಲ್ಲದೆ ಎತ್ತಿಟ್ಟು, ಹಾಲಿಗೆ ಹೆಪ್ಪು ಹಾಕಿದಂತೆ ಹೊಸ ಕಾಳಿಗೆ ಸುರಿಯುತ್ತಾಳೆ ಅಮ್ಮಯಮ್ಮಜ್ಜಿ, ತಾಯಿ ವಾಸ್ನೆ ಹತ್ತಿದ್ರೆ ಮಗು ಬೇಗ ಕಣ್ಬಿಡ್ತದೆ ಕಣೇ ಸಿಂಚನ ಅನ್ನುತ್ತಾಳೆ ನನಗೆ, ನಿಜವಾಗಿಯೂ ಮಾರನೆಯ ದಿನ ಡ್ರಮ್ಮಿನ ತುಂಬ ಪುಟ್ಟ ಬಿಳಿ ಬಾಲಗಳು, ನಮ್ಮ ಮೊಳಕೆ ಜಡಿಗೇನಹಳ್ಳಿಯಿಂದ ಹೊಸಕೋಟೆಯ ಹಾಸ್ಟೆಲುಗಳಿಗೆ ಹೋಗುತ್ತದೆ, ಹೋಗುತ್ತಿತ್ತು — ಬೆಳಿಗ್ಗೆ ಬಂದ ಆಹಾರ ಸುರಕ್ಷತೆ ಇಲಾಖೆಯ ಶಶಿರೇಖಾ ಮೇಡಂ ನೆಲ ನೋಡಿದರು, ಡ್ರಮ್ಮು ನೋಡಿದರು, ಕೊನೆಗೆ ಚೊಂಬಿಗೆ ಬಗ್ಗಿ ಮೂಸಿದರು, ನಿಮ್ ಮೊಳಕೆದು ಒಯ್ದಿದ್ದ ಸ್ಯಾಂಪಲಲ್ಲಿ ಸಿಕ್ಕಿದ ಹೊಟ್ಟೆ ಕೆಡಿಸೋ ಹುಳ ಇಲ್ಲೇ ಕಣಮ್ಮಾ ಸಾಕಿರೋದು, ಪ್ರತಿ ಸಲ ಹಳೇದರಿಂದ ಹೊಸದಕ್ಕೆ ದಾಟ್ತಿದೆ, ಸಂಜೆ ಬರ್ತೀನಿ, ಈ ಕಾಳೂ ಈ ನೀರೂ ಗುಂಡಿಗೆ ಹೋಗಿರ್ಬೇಕು, ಇಲ್ಲಾಂದ್ರೆ ಶೆಡ್ಡಿಗೆ ಬೀಗ, ಆಗ್ಲಿ ಮೇಡಂ ಅಂದೆ, ಅಜ್ಜಿಗೆ ನಾನೇ ಹೇಳ್ತೀನಿ, ಮಾತು ಕೊಟ್ಟೆ, ಇನ್ನೂ ಹೇಳಿಲ್ಲ.

ಕಾಳು ಗುಂಡಿಗೆ ಸುರಿದಾಯಿತು, ಮೇಲೆ ಬ್ಲೀಚಿಂಗ್ ಪೌಡರ್, ಅಷ್ಟೂ ಬಿಳಿ ಬಾಲಗಳು ಒಳಗೆ, ಚೊಂಬು ಮಾತ್ರ ಇನ್ನೂ ಇಲ್ಲೇ, ಹೇಗೆ ಹೇಳಲಿ, ಅಮ್ಮನಿಲ್ಲದ ನನಗೆ ಕಥೆಗೊಂದು ತುತ್ತಿಟ್ಟ ಕೈ ಅದು, ಆ ಕೈಯಿಂದಲೇ ಕಾಯಿಲೆ ಎಂದು ಯಾವ ಬಾಯಲ್ಲಿ — ಏನೇ ಚೊಂಬನ್ನ ಹಂಗ್ ನೋಡ್ತೀಯಾ, ಗಂಡು ನೋಡಕ್ ಬಂದವ್ಳಂಗೆ, ಅಜ್ಜಿ ಬಂದೇಬಿಟ್ಟಳು, ಹೇಳಿಬಿಟ್ಟೆ, ಎಲ್ಲವನ್ನೂ ಒಂದೇ ಉಸಿರಿಗೆ, ಅವಳ ನಗು ಅರ್ಧಕ್ಕೇ ನಿಂತಿತು, ಮಕ್ಳಿಗೇನಾರ ಆಯ್ತೇನೇ, ಇಲ್ಲಜ್ಜಿ, ಯಾರಿಗೂ ಏನೂ ಆಗಿಲ್ಲ, ಹಂಗಾರೆ ಸರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೇ ಚೊಂಬು ಎತ್ತುತ್ತಾಳೆ, ಗುಂಡಿಯ ಅಂಚಿನಲ್ಲಿ ಸ್ವಲ್ಪ ತಡೆಯುತ್ತಾಳೆ, ಹೊಸಾ ಕಾಳು ಹೆದ್ರಿಕೊಳ್ಳಲ್ವಾ ಅಜ್ಜಿ, ಥೂ ಕಳ್ಳಿ, ನೀನು ತಾಯಿಲ್ದೆ ಕಣ್ಬಿಡ್ಲಿಲ್ವಾ, ನೀರು ಗುಂಡಿಗಿಳಿಯಿತು, ಗಳಗಳ, ಚೊಂಬು ಖಾಲಿ, ಮೇಡಂ ಇನ್ನು ಯಾವಾಗ ಬೇಕಾದರೂ ಬರಲಿ, ನಾನು ಸೋಪು ಹಚ್ಚಿ ಅಜ್ಜಿಯ ಕೈ ತೊಳೆಯುತ್ತೇನೆ, ಒಂದೊಂದೇ ಬೆರಳು, ಹಿಂದೆ ಅವಳು ನನ್ನದನ್ನು ತೊಳೆಯುತ್ತಿದ್ದ ಹಾಗೆ, ಹೆಬ್ಬೆರಳ ಉಗುರಿನ ಸಂದಿಯಲ್ಲಿ ಏನೋ ಅಂಟಿಕೊಂಡಿದೆ, ಚೊಂಬಿನ ನೀರಲ್ಲಿ ಉಳಿದದ್ದಿರಬೇಕು, ಪುಟ್ಟದು, ಒಂದೇ ಒಂದು, ಬಿಳಿ ಬಾಲ