ಮೂರು ಪೆಟ್ಟಿನ ನಡುವೆ

ಟಕ್ — ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ನಲ್ಲಿ ತಿರುಗಿಸಿದಳು, ಗೋಡೆಯೊಳಗಿನ ಪೈಪು ಒಮ್ಮೆ ಬಡಿದು ಸುಮ್ಮನಾಯಿತು, ಗಾಳಿ ಸಿಕ್ಕಿಕೊಂಡಿದೆ ಅಷ್ಟೇ, ಆದರೂ ನನ್ನ ಕೈ ಕುರ್ಚಿಯ ಹಿಡಿ ಬಿಡುತ್ತಿಲ್ಲ, ಅವತ್ತೂ ಇಂಥದೇ ಚಳಿಗಾಲ, ಸೋಮವಾರ ಬೆಳಗಿನ ಆರು ಗಂಟೆ, ಎರಡು ದಿನದ ರಜೆ ಮುಗಿದಿತ್ತು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಆವಿಯ ಕೊಳವೆ ತಣ್ಣಗೆ ಮಲಗಿತ್ತು, ಈ ತುದಿಯಲ್ಲಿ ಬಾಯ್ಲರು ಮತ್ತು ನಾನು, ಆ ತುದಿಯಲ್ಲಿ, ಅರವತ್ತು ಹೆಜ್ಜೆ ದೂರ, ಬಣ್ಣದ ತೊಟ್ಟಿಗಳ ಪಕ್ಕ, ಕೊಳವೆ ಬಾಗುವ ಕಡೆ ತಮ್ಮ. ತಣ್ಣನೆಯ ಕೊಳವೆಯಲ್ಲಿ ನೀರು ನಿಂತಿರುತ್ತದೆ, ಆವಿ ಒಮ್ಮೆಲೇ ನುಗ್ಗಿದರೆ ಆ ನೀರೇ ಬಡಿದು ಕೊಳವೆ ಒಡೆಯುತ್ತದೆ, ಮೊದಲು ಅಡಿಯ ಸಣ್ಣ ನಲ್ಲಿಯಿಂದ ಅದನ್ನು ಹರಿಯಬಿಡಬೇಕು, ಆಮೇಲೆ ವಾಲ್ವನ್ನು ಕೂದಲೆಳೆಯಷ್ಟೇ ತೆರೆದು ಕೊಳವೆಯ ಹೊಟ್ಟೆಗೆ ಅಂಗೈ ಇಟ್ಟು ಕಾಯಬೇಕು, ಬೆನ್ನು ಬಿಸಿ, ಹೊಟ್ಟೆ ತಣ್ಣಗೆ ಎಂದರೆ ಒಳಗೆ ನೀರಿದೆ, ಇಪ್ಪತ್ತೆರಡು ವರ್ಷ ಹೀಗೇ ಮಾಡಿದವನು ನಾನು, ಅವತ್ತೂ ಬಗ್ಗಿ ಸಣ್ಣ ನಲ್ಲಿ ನೋಡುತ್ತಿದ್ದೆ, ನಾಡಿ ನೋಡಿದ್ದು ಸಾಕು ಡಾಕ್ಟ್ರೇ, ರೋಗಿ ಮುದುಕನಾಗ್ಬಿಟ್ಟ, ಆ ತುದಿಯಿಂದ ತಮ್ಮ ಕೂಗಿದ, ಅವನ ಬಾಯಿಗೆ ಬೀಗವೇ ಇರಲಿಲ್ಲ, ತೊಟ್ಟಿಯ ಕೆಲಸದ ಹೆಂಗಸರೆಲ್ಲ ಗೊಳ್ಳೆಂದರು, ನನಗೆ ಮುಖ ಉರಿಯಿತು. ಸಣ್ಣ ನಲ್ಲಿ ತೆರೆದೇ ಇತ್ತು, ಅದರ ಬಾಯಲ್ಲಿ ಒಂದು ಹನಿ, ಬೀಳಲಿಲ್ಲ, ತಂತಿ ಹಾಕಿ ಚುಚ್ಚಿ ನೋಡಬೇಕಿತ್ತು, ತುಕ್ಕು ಕಟ್ಟಿಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು, ಖಾಲಿ ಕಣೋ ಎಂದೆ, ಅಂಗೈ ಇಡಲಿಲ್ಲ, ವಾಲ್ವಿನ ಚಕ್ರವನ್ನು ಒಂದೇ ಸಲಕ್ಕೆ ಎರಡು ಸುತ್ತು —

ಟಕ್, ನನ್ನ ಕಾಲ ಬಳಿ, ಟಕ್, ಕಾರ್ಖಾನೆಯ ಅಂಗಳದ ನಡುವೆ, ಆ ಸದ್ದು ನನ್ನನ್ನು ಬಿಟ್ಟು ಅವನ ಕಡೆ ನಡೆದುಹೋಗುವುದು ಕೇಳಿಸುತ್ತಿದೆ, ಯಾರೋ ಒಳಗಿಂದ ಸುತ್ತಿಗೆ ಹಿಡಿದು ಹೊರಟ ಹಾಗೆ, ಕೊಳವೆಯಲ್ಲಿ ಬರೀ ನೀರಾದರೆ ಪೆಟ್ಟು ರೆಪ್ಪೆ ಬಡಿಯುವುದರೊಳಗೆ ಹೋಗ್ಬಿಡುತ್ತೆ, ಬರೀ ಆವಿಯಾದರೂ ಬೇಗಾನೇ, ಎರಡೂ ಗುಳ್ಳೆಗುಳ್ಳೆಯಾಗಿ ಬೆರೆತರೆ ಮಾತ್ರ ಅದಕ್ಕೆ ಕಾಲು ಭಾರ, ನಿಧಾನ, ವಿಚಾರಣೆಗೆ ಬಂದ ಇಂಜಿನಿಯರು ಹೇಳಿದ್ದು, ಆ ತುದಿ ಮುಟ್ಟೋಕೆ ಎಷ್ಟು ಹೊತ್ತು ಸಾರ್ ಎಂದೆ, ಎರಡು ಸೆಕೆಂಡು, ಮೂರು ಇದ್ದೀತು, ಯಾಕೆ ಯಜಮಾನ್ರೇ. ಓಡು ಎನ್ನುವುದಕ್ಕೆ ಒಂದು ಸೆಕೆಂಡೂ ಬೇಡ. ಮಾತು ಗಂಟಲಿಗೆ ಬಂದಿತ್ತು, ಆ ಹೆಂಗಸರು ಇನ್ನೂ ನಗುತ್ತಿದ್ದರು, ಕೂಗಿದರೆ ಖಾಲಿ ಎಂದದ್ದು ಸುಳ್ಳಾಗುತ್ತದೆ, ಇನ್ನೊಮ್ಮೆ ನಗುತ್ತಾರೆ, ಅಷ್ಟಕ್ಕೆ, ಅಷ್ಟೇ ಅಷ್ಟಕ್ಕೆ ನುಂಗಿಕೊಂಡೆ, ಮೂರನೆಯ ಪೆಟ್ಟಿಗೆ, ತಮ್ಮ ನಿಂತಿದ್ದ ಕಡೆ, ಕೊಳವೆಯ ಬಾಗಿನಲ್ಲಿ ಕಬ್ಬಿಣವೇ ಸೀಳಿತು.

ಭಾವ, ಕಾಫಿ ತಗೊಳ್ಳಿ, ತಮ್ಮನ ಹೆಂಡತಿ ಲೋಟ ಕೊಟ್ಟು ಎದುರಿಗೆ ಕೂತಳು, ಚಳಿ ಬಂದಾಗಲೆಲ್ಲ ಕೇಳುವುದನ್ನೇ ಕೇಳುತ್ತಾಳೆ, ಅವರಿಗೆ ಏನೂ ಗೊತ್ತಾಗ್ಲಿಲ್ಲ ಅಲ್ವಾ ಭಾವ, ಕೂಗಿ ಹೇಳೋಕೂ ಹೊತ್ತಿರ್ಲಿಲ್ಲ ಅಲ್ವಾ, ಲೋಟ ನನ್ನ ಕೈಯಲ್ಲಿ ಸುಡುತ್ತಿದೆ, ಇವತ್ತು ಹೇಳಿಬಿಡಲೇ, ಬಾಯಿ ತೆರೆದೆ, ಇರ್ಲಿಲ್ಲಮ್ಮ, ಹೊತ್ತೇ ಇರ್ಲಿಲ್ಲ, ಅವಳ ಭುಜ ಸ್ವಲ್ಪ ಇಳಿಯಿತು, ಎದ್ದು ಹೋಗಿ ನಲ್ಲಿ ತಿರುಗಿಸಿದಳು, ಟಕ್, ಕಾಯುತ್ತಿದ್ದೇನೆ, ಟಕ್, ಹೋದವನು ನನ್ನ ತಮ್ಮ, ಸೋಮವಾರ, ಆ ಸಣ್ಣ ನಲ್ಲಿಯ ಬಾಯಲ್ಲಿ ಹನಿ, ಬೀಳುವುದಿಲ್ಲ, ಹನಿ —