ತಿದಿಯೊಳಗಿನ ಹೆಬ್ಬೆರಳು

ಹುಣಸೂರಿನ ಚರ್ಚಿಗೆ ಆರ್ಗನ್ನು ಬಂದು ಇಪ್ಪತ್ತೈದು ವರ್ಷವಾಗಿತ್ತು. ಆ ಭಾನುವಾರ ಉಪದೇಶಿಗಳು ಅದರ ಚರಿತ್ರೆಯನ್ನು ಅಚ್ಚು ಹಾಕಿಸಿ, ನಿಂತು ಓದಿದರು. ಸೀಮೆಯಿಂದ ಹಡಗಿನಲ್ಲಿ ಬಂದದ್ದು, ಕೊಳವೆಗಳಿಗೆ ಹುಲ್ಲು ಸುತ್ತಿ ಮೈಸೂರಿನಿಂದ ಎರಡು ಗಾಡಿಯಲ್ಲಿ ತಂದದ್ದು, ಎಲ್ಲ ಇತ್ತು. "ಇಲಿ ಕಡಿದ ತಿದಿಯನ್ನು ಮೂರು ವರ್ಷದ ಕೆಳಗೆ ಮದ್ರಾಸಿನ ಕುಶಲಿಗಳು ಹೊಸದು ಮಾಡಿದರು" ಎಂದು ಮುಗಿಸಿದರು.

ಬಾಗಿಲ ಹೊರಗೆ ನಿಂತಿದ್ದ, ಸಂತೆಯಲ್ಲಿ ಕುಲುಮೆಯ ತಿದಿ ಹೊಲಿಯುವ ನಿಜಾಮುದ್ದೀನನ ಕಿವಿ ಬಿಸಿಯಾಯಿತು. ಆ ತಿದಿ ಅವನ ಕೈಯದು. ಚರಿತ್ರೆ ಓದ್ತಾರೆ ಬನ್ನಿ ಎಂದು ತಿದಿ ಒತ್ತಿ ಆರ್ಗನ್ನಿಗೆ ಗಾಳಿ ಕೊಡುವ ಮಂಟಯ್ಯನೇ ಕರೆದಿದ್ದ. ಆ ಕೆಲಸದಲ್ಲಿ ನಿಜಾಮುದ್ದೀನ, ಕುಲುಮೆಯ ತಿದಿಗೆ ಹರಳೆಣ್ಣೆ ತಿಕ್ಕುವ ವಾಡಿಕೆಯಲ್ಲಿ ಇದಕ್ಕೂ ತಿಕ್ಕಿದ್ದರಿಂದ ಅಂಟು ಬಿಟ್ಟು, ಮೊದಲ ಚರ್ಮವಷ್ಟೂ ಹಾಳಾಗಿತ್ತು. ಮತ್ತೆ ಕುರಿಚರ್ಮ ಹದ ಮಾಡಿ, ಎಣ್ಣೆ ಸೋಕಿಸದೆ, ಎರಡು ತಿಂಗಳು ಕೂತಿದ್ದ.

ಅವನು ನೇರ ಒಳಗೆ ನಡೆದ.

"ಮದ್ರಾಸಿನವರು ಯಾರು ಸ್ವಾಮಿ? ಹೆಸರು ಹೇಳಿ."

ಉಪದೇಶಿಗಳು ದನಿ ತಗ್ಗಿಸಿದರು. "ಸಾಬ್ರೇ, ಸಂತೆ ತಿದಿಯವನು ಮುಟ್ಟಬಾರದು, ಮದ್ರಾಸಿಗೆ ಕಳಿಸಿ ಅಂತ ಪಾದ್ರಿ ದೊರೆಗಳು ಬರೆದಿದ್ರು. ಕಳಿಸಿದೀವಿ ಅಂತ ನಾನೂ ಬರೆದ್ಬಿಟ್ಟೆ. ಈಗ ತಿರುಗಿಸಕ್ಕಾಗಲ್ಲ. ಅಷ್ಟಕ್ಕೂ ನೀವೇ ಮಾಡಿದ್ದು ಅನ್ನಕ್ಕೆ ಗುರುತೇನು?"

ಚರ್ಮದ ಕೊನೆಯ ಪಟ್ಟಿ ಮುಚ್ಚುವ ಮುಂಚೆ ತಿದಿಯೊಳಗಿನ ಹಸಿ ಅಂಟಿನ ಮೇಲೆ ಹೆಬ್ಬೆರಳು ಒತ್ತುವುದು ನಿಜಾಮುದ್ದೀನನ ಮನೆತನದ ರೂಢಿ.

"ಗುರುತು ಒಳಗೈತೆ. ತೋರುಸ್ತೀನಿ." ಜೇಬಿನಿಂದ ಚರ್ಮ ಕೊಯ್ಯುವ ರಂಪಿಗೆ ತೆಗೆದು ತಿದಿಯ ಮಡಿಕೆಗೆ ಇಟ್ಟ.

ಮಂಟಯ್ಯ ಅವನ ಮಣಿಕಟ್ಟು ಹಿಡಿದ. "ಬ್ಯಾಡಿ ಸಾಬ್ರೇ. ಅವರ ಸುಳ್ಳಿಗೆ ನಿಮ್ ಕೆಲ್ಸ ಯಾಕ್ ಕುಯ್ತೀರಿ?"

ಕೀರ್ತನೆಗೆ ಹೊತ್ತಾಗಿತ್ತು. ಉಪದೇಶಿಗಳು ಆರ್ಗನ್ನಿನ ಮುಂದೆ ಕೂತು ಸ್ವರದ ಮನೆಗಳನ್ನು ಒತ್ತಿದರು. ಕೊಳವೆಗಳು ಸುಮ್ಮನಿದ್ದವು. ಮಂಟಯ್ಯ ತಿದಿಯ ಹಿಡಿ ಬಿಟ್ಟು ಕೈಕಟ್ಟಿ ನಿಂತಿದ್ದ.

"ಒತ್ತೋ ಮಂಟಯ್ಯ."

"ಮದ್ರಾಸಿಂದ ಗಾಳಿ ತರುಸ್ಕಳಿ ಸ್ವಾಮಿ."

ಹೆಂಗಸರ ಸಾಲಿನಲ್ಲಿ ಯಾರೋ ನಕ್ಕರು. ಉಪದೇಶಿಗಳು ಮತ್ತೆ ಒತ್ತಿದರು. ಮರ ಟಕಟಕ ಎಂದಿತು, ಅಷ್ಟೇ. ಸಭೆಯೆಲ್ಲ ತಿರುಗಿ ನೋಡುತ್ತಿತ್ತು. ಕೊನೆಗೆ ಉಪದೇಶಿಗಳು ಶಾಯಿ ತರಿಸಿ, ಅಚ್ಚಿನ ಹಾಳೆಯ ಒಂದು ಸಾಲು ಹೊಡೆದುಹಾಕಿ, ಮೇಲೆ ಏನೋ ಗೀಚಿ ನಿಜಾಮುದ್ದೀನನ ಮುಂದೆ ಚಾಚಿದರು.

ಅವನಿಗೆ ಓದು ಬಾರದು. ಹಾಳೆ ಮುಟ್ಟಲಿಲ್ಲ.

"ಮದ್ರಾಸು ಅಂತ ಎಷ್ಟು ಗಟ್ಟಿಯಾಗಿ ಓದುದ್ರೋ ಅಷ್ಟೇ ಗಟ್ಟಿಯಾಗಿ ಓದಿ," ಎಂದ. ರಂಪಿಗೆ ಇನ್ನೂ ಕೈಯಲ್ಲಿತ್ತು. "ಆಮೇಲೆ ದೊರೆಗಳಿಗೂ ಬರೀರಿ. ಅಲ್ಲೀಗಂಟ ಮಂಟಯ್ಯ ಹಿಂಗೇ ಕೈಕಟ್ಟಿ ನಿಂತಿರ್ತಾನೆ."