ಬಾಡಿಗೆ ಮೀನುಗಾರರು

ವಿಮಲಾಳ ಬೆರಳ ಸಂದುಗಳು ವರ್ಷವಿಡೀ ಬೆಳ್ಳಗೆ ಬಿರಿದಿರುತ್ತಿದ್ದವು. ಅಕ್ಕಿ ತೊಳೆದ ನೀರು, ಉದ್ದು ತೊಳೆದ ನೀರು, ಪಾತ್ರೆ ತೊಳೆದ ನೀರು. ಒಣಗಲಿಕ್ಕೆ ಪುರುಸೊತ್ತು ಬೇಕಲ್ಲ? ತುಸು ಒಣಗಿತು ಎನ್ನುವಷ್ಟರಲ್ಲಿ ಮೆಣಸು ರುಬ್ಬುವ ಹೊತ್ತಾಗುತ್ತಿತ್ತು. ಆಗ ಒಂದೊಂದು ಬಿರುಕೂ ತಾನೆಲ್ಲಿದ್ದೇನೆಂದು ಕೂಗಿ ಹೇಳುತ್ತಿತ್ತು.

ಮುಂಬಯಿಯ ಅಂಚಿನ ಕಳವಾ ಎಂಬಲ್ಲಿ ರೈಲ್ವೆ ಕಾರ್‌ಶೆಡ್ಡಿನ ಹಿಂದೆ ತಗಡು ಹೊದಿಸಿದ ಉದ್ದನೆಯ ಕಟ್ಟಡವೇ ಪ್ರೇಮನಾಥರ ಕೇಟರಿಂಗಿನ ಅಡುಗೆಮನೆ. ಅದರ ಬೆನ್ನಿಗೆ ಒಂದು ಸಾಲು ಖೋಲಿಗಳು, ಒಂದೊಂದೇ ಕೋಣೆಯ ಮನೆಗಳು. ಅಡುಗೆ ಕೆಲಸದ ಹೆಂಗಸರೆಲ್ಲ ಅಲ್ಲೇ ಇರಬೇಕು. ಸಂಬಳ ಬೇರೆ ಕಡೆಗಿಂತ ಕಡಿಮೆ. ಯಾರಾದರೂ ಬಾಯಿ ತೆರೆದರೆ ಪ್ರೇಮನಾಥರ ಉತ್ತರ ಸಿದ್ಧವಾಗಿರುತ್ತಿತ್ತು.

"ನಾವು ನಾವು ಊರಿನವರಲ್ವ ಮಾರಾಯ್ತಿ? ಊರಿನವರ ಹತ್ರ ಲೆಕ್ಕ ಎಂತಕ್ಕೆ? ತಲೆ ಮೇಲೆ ಮಾಡು ಕೊಟ್ಟಿದ್ದೇನೆ. ಈ ಮುಂಬಯಿಯಲ್ಲಿ ಮಾಡು ಅಂದ್ರೆ ಎಂತ ಗೊತ್ತುಂಟಾ?"

ಗೊತ್ತಿತ್ತು. ಗಂಡ ತೀರಿಕೊಂಡ ವರ್ಷ ವಿಮಲಾ ಮಗಳು ಪ್ರೇಕ್ಷಾಳ ಕೈ ಹಿಡಿದು ಎಷ್ಟು ಬಾಗಿಲು ತಟ್ಟಿರಲಿಲ್ಲ! ಈಗ ಮಗಳು ಹತ್ತನೆಯ ತರಗತಿ. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅಲ್ಲಿಯವರೆಗೆ ಈ ಖೋಲಿಯೊಂದು ಅಲುಗದೆ ಇದ್ದರೆ ಸಾಕೆಂದು ವಿಮಲಾ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಮಾತಾಡುವ ಮೊದಲು ಸುತ್ತ ಕಣ್ಣಾಡಿಸುವುದು ಅವಳಿಗೆ ಅಭ್ಯಾಸವೇ ಆಗಿಬಿಟ್ಟಿತ್ತು.

ಅವಳು ಜೋರಾಗಿ ನಗುತ್ತಿದ್ದದ್ದು ಒಂದೇ ಕಡೆ. ಕಳವಾ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ, ಹೌಸಾಬಾಯಿಯ ಮೀನಿನ ಬುಟ್ಟಿಯ ಮುಂದೆ. ಹೌಸಾಬಾಯಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯ ಕೋಲಿ ಹೆಂಗಸು, ಮೀನುಗಾರರ ಮನೆತನ. ಅವಳು ಕೂಗಿದರೆ ಸೇತುವೆಯ ಮೇಲಿನವರೂ ತಿರುಗಿ ನೋಡಬೇಕು.

"ಏ ಇಡ್ಲೀ! ಇಕ್ಡೆ ಯೇ!"

ಇಡ್ಲಿ ಎಂದರೆ ವಿಮಲಾ, ದಕ್ಷಿಣದವಳೆಂದು ಇಟ್ಟ ಹೆಸರು. ಮೊದಲ ದಿನವೇ ಅವಳು ಬಂಗುಡೆಯ ಕಿವಿರು ಎತ್ತಿ ನೋಡಿದ್ದನ್ನು ಕಂಡು ಹೌಸಾಬಾಯಿ, "ನೀನು ಬರೀ ಇಡ್ಲಿಯವಳಲ್ಲ. ಯಾರ ಮಗಳು ಹೇಳು" ಎಂದಿದ್ದಳು. ಮಲ್ಪೆಯ ಮೊಗವೀರರ ಮನೆಯವಳು, ಅಪ್ಪನಿಗೆ ನಾಡದೋಣಿ ಇತ್ತು ಎಂದು ಗೊತ್ತಾದ ಮೇಲೆ ಪ್ರತಿಸಲವೂ ಒಂದು ಹಿಡಿ ಸಿಗಡಿ ಹೆಚ್ಚೇ ಬೀಳುತ್ತಿತ್ತು. ಹೆಸರು ಮಾತ್ರ ಇಡ್ಲಿಯೇ ಉಳಿಯಿತು.

ಆ ಫೆಬ್ರವರಿಯಲ್ಲಿ ಹೌಸಾಬಾಯಿಗೆ ಸಿಟ್ಟು ನೆತ್ತಿಗೇರಿತ್ತು.

"ಕಂಪನಿಯೊಂದು ಸಮುದ್ರದ ತಳವನ್ನೇ ಹೀರುತ್ತದಂತೆ ಕಣೇ. ದೊಡ್ಡ ಜಹಾಜು, ಆನೆಯ ಸೊಂಡಿಲಿನಂಥ ಪೈಪು. ಮರಳು, ಅದರೊಳಗಿನ ಖನಿಜ ಅವರಿಗೆ. ಉಳಿದ ಕೆಸರು ವಾಪಸು ನೀರಿಗೆ. ಮೀನು ಏನಾಗಬೇಕು ಅಂದರೆ ಸಾಹೇಬ ಹೇಳುತ್ತಾನೆ, ಅಷ್ಟು ತಳದಲ್ಲಿ ಯಾರೂ ಇಲ್ಲ ಅಂತ. ಯಾರೂ ಇಲ್ಲದಿದ್ದರೆ ನನ್ನ ಬುಟ್ಟಿಗೆ ಇವರೆಲ್ಲ ಹೇಗೆ ಬಂದರು? ಡೊಂಬಿವಲಿ ಲೋಕಲ್ ಹಿಡಿದು ಬಂದರಾ?"

ವಿಮಲಾ ನಕ್ಕಳು. ನಕ್ಕ ಮೇಲೆ ಕೇಳಿದಳು: "ಈಗೇನು ಮಾಡುತ್ತೀರಿ ಮಾವ್ಶಿ?"

"ಶುಕ್ರವಾರ ಐರೋಲಿಯ ಸಭಾಭವನದ ಹಾಲ್‌ನಲ್ಲಿ ಸುನಾವಣಿ ಇದೆ. ಸರಕಾರದವರು ಜನರ ಮಾತು ಕೇಳಲೇಬೇಕು, ಕಾಯಿದೆ. ಖಾಡಿಯ ಅಷ್ಟೂ ಊರುಗಳ ಬಾಯಂದಿರು ಹೋಗುತ್ತೇವೆ. ಕಿವಿ ತೂತಾಗುವ ಹಾಗೆ ಹೇಳುತ್ತೇವೆ."

ಸಂಜೆ ಅಡುಗೆಮನೆಗೆ ಪ್ರೇಮನಾಥರು ಸಿಹಿ ಪೆಟ್ಟಿಗೆ ಹಿಡಿದು ಬಂದರು. ದೊಡ್ಡ ಆರ್ಡರು ಸಿಕ್ಕಿತ್ತು. ಶುಕ್ರವಾರ, ಐರೋಲಿ, ಚಿಕನ್ ಸುಕ್ಕ, ಪುಲಾವ್.

"ಊಟ ಮಾತ್ರ ಅಲ್ಲ, ಕೇಳಿ. ಕುರ್ಚಿ ತುಂಬಿಸುವ ಕೆಲಸವೂ ನಮ್ಮದೇ. ಮುಂಬ್ರಾ, ದಿವಾ, ಕಲ್ಯಾಣ, ಕೂಲಿಗಳು ಕೆಲಸಕ್ಕೆ ಕಾದು ನಿಲ್ಲುವ ಎಲ್ಲ ನಾಕಾಗಳಿಂದ ಜನ ತರಿಸ್ತೇನೆ. ಮುಂದಿನ ಸಾಲಿಗೆ ಮೀನುಗಾರ ಹೆಂಗಸರು ಬೇಕಂತೆ. ನೀವೇ ಕೂತುಕೊಳ್ಳಿ. ಸೀರೆ ಕಂಪನಿಯೇ ಕೊಡ್ತದೆ."

ತರಕಾರಿ ಹೆಚ್ಚುತ್ತಿದ್ದ ಜಯಲತಾ ಕೇಳಿದಳು: "ಕೂತದ್ದಕ್ಕೆ ನಮಗೆಂತ ಕೊಡ್ತೀರಿ ಅಣ್ಣ?"

"ಕೂತುಕೊಳ್ಳಲಿಕ್ಕೂ ಸಂಬಳವಾ? ನಿತ್ಯ ನಿಂತು ನಿಂತು ಕಾಲು ನೋವು ಅಂತ ಹೇಳುವವಳು ನೀನೇ ಅಲ್ವಾ?"

ನಾಕಾದ ಕೂಲಿಗಳಿಗೆಂದು ಕಂಪನಿ ಕೊಟ್ಟ ದುಡ್ಡೂ ಪ್ರೇಮನಾಥರ ಕಿಸೆ ದಾಟಲಿಲ್ಲ. ಕೂಲಿಗಳಿಗೆ ಅವರು ಹೇಳಿಕಳಿಸಿದ್ದು ಇಷ್ಟೇ: ಎಸಿ ಹಾಕಿದ ಹಾಲ್, ಮೆತ್ತನೆ ಕುರ್ಚಿ, ಹೊಟ್ಟೆ ತುಂಬ ಕೋಳಿ.

ಪ್ರೇಮನಾಥರ ಧಂದೆಯಲ್ಲಿ ಒಂದು ಕಟ್ಟಳೆ ಇತ್ತು. ಭಾಷಣ ಮುಗಿಯದೆ ಪಾತ್ರೆಯ ಮುಚ್ಚಳ ತೆಗೆಯಕೂಡದು. ಹಿಂದೊಮ್ಮೆ ಡೊಂಬಿವಲಿಯ ಮದುವೆಯೊಂದರಲ್ಲಿ ಯಾರೋ ಅವಸರಪಟ್ಟು ಸುಕ್ಕದ ಮುಚ್ಚಳ ಎತ್ತಿದ್ದರು. ಆರತಕ್ಷತೆಯ ಮಂಟಪದಲ್ಲಿ ಕೊನೆಗೆ ಉಳಿದದ್ದು ಮದುಮಗ, ಮದುಮಗಳು ಮತ್ತು ಕಾಲಿಗೆ ವಯರು ಸುತ್ತಿಕೊಂಡಿದ್ದ ವಿಡಿಯೋದವನು. ಅಂದಿನಿಂದ ಮುಚ್ಚಳಗಳಿಗೆ ಬಟ್ಟೆ ಕಟ್ಟಿ ಗಂಟು ಹಾಕುತ್ತಿದ್ದರು.

ಶುಕ್ರವಾರ ಸೀರೆಗಳು ಬಂದವು. ನಾಟಕದವರಿಂದ ಬಾಡಿಗೆಗೆ ತಂದ ಒಂಬತ್ತು ಗಜದ ಕೋಲಿ ಸೀರೆಗಳು. ಡಾಂಬರ್ ಗುಳಿಗೆಯ ವಾಸನೆ. ಜೊತೆಗೆ ಪ್ಲಾಸ್ಟಿಕ್ಕಿನ ಚಿನ್ನ. ಕಚ್ಚೆ ಹಾಕಿ ಉಟ್ಟ ತಾಯಿಯನ್ನು ನೋಡಿ ಪ್ರೇಕ್ಷಾ ಪುಸ್ತಕ ಮುಚ್ಚಿಟ್ಟು ಬಿದ್ದು ಬಿದ್ದು ನಕ್ಕಳು.

"ಮಮ್ಮಿ, ತೂ ಕಾರ್ಟೂನ್ ದಿಸ್ತೇಸ್! ಕಾರ್ಟೂನ್ ಹಾಗೆ ಕಾಣ್ತೀ!"

ಕಂಪನಿಯ ಪರವಾಗಿ ಎಲ್ಲ ನೋಡಿಕೊಳ್ಳುತ್ತಿದ್ದವನು ಮನೀಶ್ ಎಂಬ ತರುಣ. ಕಿವಿಯಲ್ಲೊಂದು ಫೋನು, ಕೈಯಲ್ಲೊಂದು ಫೋನು. ಹೆಂಗಸರನ್ನು ಸಾಲಾಗಿ ನಿಲ್ಲಿಸಿ ನೋಡಿದ. ವಿಮಲಾಳ ಮುಂದೆ ನಿಂತು ಮುಖ ಸಿಂಡರಿಸಿದ.

"ಯೇ ಮಛ್ಲೀವಾಲಿ ನಹೀ ಲಗ್ತೀ, ಯಾರ್."

ಪ್ರೇಮನಾಥರಿಗೆ ಕೆಮ್ಮು ಬಂತು. ಜಯಲತಾ ಸೆರಗಿನೊಳಗೆ ನಕ್ಕಳು. ಏಳು ತಲೆಮಾರು ಸಮುದ್ರದ ಮೇಲೆ ಬದುಕಿದ ಮನೆಯವಳು ಮೀನುಗಾರ್ತಿಯ ಹಾಗೆ ಕಾಣುತ್ತಿರಲಿಲ್ಲ! ಮನೀಶ್ ಅವಳ ಮುಡಿಗೆ ಇನ್ನೆರಡು ಹೂ ಸಿಕ್ಕಿಸಲು ಹೇಳಿದ. ಆಮೇಲೆ, ಮರಾಠಿ ಸ್ಪಷ್ಟವಾಗಿ ಬರುವವಳು ಅವಳೊಬ್ಬಳೇ ಎಂದು ತಿಳಿದು, ಮೈಕಿನಲ್ಲಿ ಹೇಳಬೇಕಾದ ಮಾತು ಕಲಿಸಿದ. ಸಮುದ್ರ ನಮ್ಮ ತಾಯಿ, ತಾಯಿ ಕೊಟ್ಟದ್ದನ್ನು ಬೇಡ ಅನ್ನಬಾರದು, ನಮಗೆ ಈ ಯೋಜನೆ ಬೇಕು.

ಬಸ್ಸು ಐರೋಲಿಯ ಹಾಲಿನ ಗೇಟಿಗೆ ಬಂದಾಗ ಬಿಸಿಲು ಏರಿತ್ತು. ಗೇಟಿನ ಹೊರಗೆ ರಸ್ತೆಯುದ್ದಕ್ಕೂ ಕೋಲಿ ಹೆಂಗಸರು. ಕಾವಲಿನವರು ಒಂದೇ ಮಾತು ಹಿಡಿದು ನಿಂತಿದ್ದರು.

"ಹಾಲ್ ಫುಲ್! ಹಾಲ್ ಫುಲ್!"

"ಅರೇ, ಬಸ್ಸು ಈಗ ಬರುತ್ತಿದೆ, ಹಾಲು ಆಗಲೇ ಹೇಗೆ ಫುಲ್ಲಾಯಿತು?" ಎಂದು ಹೌಸಾಬಾಯಿ ಕೂಗುತ್ತಿದ್ದಳು. ಕೂಗುತ್ತಲೇ ಬಸ್ಸಿನ ಕಿಟಕಿಯತ್ತ ತಿರುಗಿದಳು. ಕಿಟಕಿಯಲ್ಲಿ ತನ್ನದೇ ಉಡುಗೆ. ಅದರೊಳಗೆ ಇಡ್ಲಿ.

ವಿಮಲಾ ಬೈಗುಳಕ್ಕೆ ಕಾದಳು. ಹೌಸಾಬಾಯಿ ಬೈಯಲಿಲ್ಲ. ಬಾಯಿ ಮುಚ್ಚಿಕೊಂಡು ಮುಖ ಆಚೆ ತಿರುಗಿಸಿದಳು. ಅವಳ ಬಾಯಿ ಮುಚ್ಚಿದ್ದನ್ನು ವಿಮಲಾ ನೋಡಿದ್ದು ಅದೇ ಮೊದಲು.

ಊಟದ ಟೆಂಪೋ ಬಸ್ಸಿನ ಹಿಂದೆಯೇ ಇತ್ತು. ಅದಕ್ಕೂ ಪಾಸಿಲ್ಲವೆಂದು ಕಾವಲಿನವರು ತಡೆದರು. ಟೆಂಪೋ ಓಡಿಸುವ ಹಣಮಂತ್ರಾಯ ಕಲಬುರಗಿ ಕಡೆಯವನು.

"ಏನ್ರಪಾ, ಕೋಳಿಗೂ ಪಾಸ್ ಬೇಕೇನು? ಇವು ಮೇಲಕ್ಕ ಹೋಗೋ ಪಾಸ್ ನಿನ್ನೇನೇ ತೊಗೊಂಡಾವ!"

ಪ್ರೇಮನಾಥ ಓಡಿಬಂದರು. "ಇಲ್ಲೇ ಇರಲಿ ಹಣಮಂತ. ಒಳಗೆ ಪರಿಮಳ ಬರುವುದು ಬೇಡ. ಭಾಷಣ ಮುಗಿದ ಮೇಲೆ ಮೈಕಿನಲ್ಲಿ ಹೇಳಿಸ್ತೇನೆ, ಆಗ ಗಂಟು ಬಿಚ್ಚು."

ಒಳಗೆ ಬಿಳಿ ಬಟ್ಟೆ ತೊಡಿಸಿದ ಕುರ್ಚಿಗಳು. ವೇದಿಕೆಯ ಮೇಲೆ ಸರಕಾರದ ಸಾಹೇಬರು, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಪರದೆಯ ಮೇಲೆ ನೀಲಿ ನೀರು, ಅದರಲ್ಲೊಂದು ಆಮೆ. ಆಮೆ ನಗುತ್ತಿತ್ತು. ಪಕ್ಕದಲ್ಲೇ ಪೈಪು ತಳ ಹೀರುತ್ತಿತ್ತು, ಆಮೆ ಇನ್ನಷ್ಟು ನಗುತ್ತಿತ್ತು. ಕಂಪನಿಯವನು ಇಂಗ್ಲಿಷಿನಲ್ಲಿ ಮಾತಾಡಿದ, ಇನ್ನೊಬ್ಬ ಮಾತಾಡಿದ, ಮತ್ತೊಬ್ಬ ಮಾತಾಡಿದ. ನಾಕಾದ ಕೂಲಿಗಳು ಮೊದಲು ತಂಪಿಗೆ ಹಿಗ್ಗಿದರು, ಆಮೇಲೆ ತೂಕಡಿಸಿದರು, ಆಮೇಲೆ ಹಸಿವಿಗೆ ಎಚ್ಚರಾದರು. ಬೆಳಗ್ಗೆ ಯಾರೂ ಒಂದು ಕಪ್ ಚಹಾ ಕೊಟ್ಟಿರಲಿಲ್ಲ.

"ಮೀನುಗಾರ ಮಹಿಳೆಯರ ಪ್ರತಿನಿಧಿ!" ಎಂದು ಮನೀಶ್ ಕರೆದ.

ವಿಮಲಾ ಎದ್ದಳು. ಮೈಕಿನ ಮುಂದೆ ನಿಂತು ಅಭ್ಯಾಸದಂತೆ ಸುತ್ತ ಕಣ್ಣಾಡಿಸಿದಳು. ಬಾಗಿಲಲ್ಲಿ ಪ್ರೇಮನಾಥ ತಲೆಯಾಡಿಸುತ್ತಿದ್ದರು, ಹೇಳು ಹೇಳು ಎಂದು. ಹೊರಗಿನ ಲೌಡ್‌ಸ್ಪೀಕರಿನಲ್ಲಿ ತನ್ನದೇ ಉಸಿರು ಬುಸುಗುಟ್ಟುವುದು ಕೇಳಿಸಿತು. ಗೇಟಿನಾಚೆ ಹೌಸಾಬಾಯಿಗೂ ಅದು ಕೇಳಿಸುತ್ತಿರಬೇಕು.

"ಸಮುದ್ರ ನಮ್ಮ ತಾಯಿ..." ಎಂದಳು. ಮುಂದಿನ ಮಾತು ಗಂಟಲಲ್ಲಿ ಮೀನಿನ ಮುಳ್ಳಾಯಿತು. ಬೇಡ ಎನ್ನಲು ಧೈರ್ಯವಿಲ್ಲ. ಬೇಕು ಎನ್ನಲು ನಾಲಗೆ ಏಳದು.

ಮೂರನೆಯ ಸಾಲಿನಲ್ಲೊಬ್ಬ ಕೂಲಿ ಪಕ್ಕದವನಿಗೆ, "ಊಟ ಯಾವಾಗಂತೆ?" ಎಂದು ಪಿಸುಗುಟ್ಟಿದ. ಇಡೀ ಹಾಲಿನಲ್ಲಿ ಅವಳಿಗೆ ಅರ್ಥವಾದ ಮಾತು ಅದೊಂದೇ. ಅದಕ್ಕೆ ಉತ್ತರವೂ ಅವಳಿಗೆ ಗೊತ್ತಿತ್ತು, ಸುಳ್ಳಿನ ಸೋಂಕಿಲ್ಲದ ಉತ್ತರ.

"ಜೇವಣ್ ಆಲಂಯ್," ಎಂದಳು ವಿಮಲಾ ಮೈಕಿನಲ್ಲಿ. "ಊಟ ಬಂದಿದೆ. ಗೇಟಿನ ಹತ್ತಿರ ಇದೆ."

ಮೊದಲು ಮೂರನೆಯ ಸಾಲು ಎದ್ದಿತು. ಅದನ್ನು ನೋಡಿ ನಾಲ್ಕನೆಯದು. ಕುರ್ಚಿಗಳು ಮಗುಚಿದವು. ಮನೀಶ್ ಎರಡೂ ಫೋನು ಕೆಳಗೆ ಹಾಕಿ, "ಬೈಠೋ! ಬೈಠೋ ಭಾಯ್!" ಎಂದು ಕೈ ಚಾಚಿ ನಿಂತ. ಅವನ ಕಂಕುಳಡಿಯಿಂದಲೇ ಜನ ದಾಟಿದರು. ಅಷ್ಟರಲ್ಲಿ ಹೊರಗೆ ಲೌಡ್‌ಸ್ಪೀಕರಿನ ಮಾತು ಕೇಳಿ ಹಣಮಂತ್ರಾಯ ಗಂಟು ಬಿಚ್ಚಿದ್ದ. ಹುರಿದ ಕೊಬ್ಬರಿಯ ಪರಿಮಳ ಗೇಟು ಹಾರಿ ಒಳಗೆ ಬಂದು, ಇನ್ನೂ ಸಂಕೋಚಪಡುತ್ತಿದ್ದವರ ಕೈ ಹಿಡಿದು ಎಬ್ಬಿಸಿತು. ಕಾವಲಿನವರು ಗೇಟು ತೆರೆಯದೆ ವಿಧಿಯಿರಲಿಲ್ಲ.

ಇತ್ತ ಪ್ರೇಮನಾಥ ಟೆಂಪೋದ ಬಳಿ ಎದೆ ಬಡಿದುಕೊಳ್ಳುತ್ತಿದ್ದರು. "ಯಾರು ಹೇಳಿದ್ದು ನಿಂಗೆ ಬಿಚ್ಚಲಿಕ್ಕೆ?"

"ಮೈಕಿನ್ಯಾಗ ಹುಕುಂ ಆತಲ್ರೀ ಸೇಠ! ನೀವ ಹೇಳಿದ್ರಿ, ಮೈಕಿನ್ಯಾಗ ಹೇಳಿದ ಮ್ಯಾಗ ಬಿಚ್ಚು ಅಂತ. ನಂದೇನ್ ತಪ್ಪದ?" ಎಂದು ಹಣಮಂತ್ರಾಯ ಸೌಟು ಆಡಿಸಿದ.

ತೆರೆದ ಗೇಟಿನಲ್ಲಿ ಹೌಸಾಬಾಯಿ ನಿಂತಿದ್ದಳು. ಕಾವಲಿನವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ಈಗ? ಫುಲ್ ಇದೆಯಾ?"

ಅವನು ಹಿಂದೆ ತಿರುಗಿ ಖಾಲಿ ಕುರ್ಚಿಗಳನ್ನು ನೋಡಿದ. ಪಕ್ಕಕ್ಕೆ ಸರಿದ.

ಕೋಲಿ ಹೆಂಗಸರು ಬುಟ್ಟಿಗಳ ಸಮೇತ ಒಳಗೆ ಬಂದರು. ಬಿಳಿ ಕುರ್ಚಿಗಳ ಮೇಲೆ ಕೂತರು. ಹಾಲಿನ ತಂಪಿನಲ್ಲಿ ಒಣಮೀನಿನ ವಾಸನೆ ಹರಡಿತು. ಪರದೆಯ ಮೇಲಿನ ಆಮೆ ಮಾತ್ರ ಇನ್ನೂ ನಗುತ್ತಲೇ ಇತ್ತು.

ಮನೀಶ್ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಸಾಹೇಬರು ಕನ್ನಡಕ ಒರೆಸಿಕೊಂಡರು. "ನಾನೇನು ಮಾಡಲಿ? ಜನ ಇದ್ದಾರೆ. ಇರುವವರ ಮಾತು ಕೇಳಲೇಬೇಕಲ್ಲ?" ಎಂದರು.

ಹೌಸಾಬಾಯಿಗೆ ಮೈಕು ಬೇಕಾಗಲಿಲ್ಲ. ಅವಳು ಮಾತಾಡಿದಳು, ಅವಳ ಬಳಿಕ ದಿವಾದವಳು, ಆಮೇಲೆ ಕೋಲು ಊರಿಕೊಂಡು ಬಂದ ಒಬ್ಬ ಮುದುಕಿ. ಪ್ರತಿಯೊಬ್ಬಳೂ "ಬರೆದುಕೋ" ಎನ್ನುತ್ತಿದ್ದಳು. ಗುಮಾಸ್ತ ಬೆವರುತ್ತ ಬರೆದುಕೊಳ್ಳುತ್ತಿದ್ದ.

ವಿಮಲಾ ಮುಂದಿನ ಸಾಲಿನಲ್ಲೇ ಇದ್ದಳು. ಅಡುಗೆಮನೆಯ ಹೆಂಗಸರೂ ಇದ್ದರು. ಬಡಿಸಲು ಏಳಬೇಕೆಂದು ಅವರಿಗೆ ನೆನಪಾದಂತಿರಲಿಲ್ಲ. ಬಾಗಿಲಿಗೆ ಮತ್ತೆ ಪ್ರೇಮನಾಥ ಬಂದರು. ವಿಮಲಾಳನ್ನೇ ನೋಡುತ್ತ ಎರಡು ಬೆರಳಲ್ಲಿ ಗಾಳಿಯನ್ನು ತಿರುವಿದರು. ಬೀಗ ಹಾಕುವ ಹಾಗೆ.

ಅವಳಿಗೆ ಅರ್ಥವಾಯಿತು. ಖೋಲಿ. ಪ್ರೇಕ್ಷಾಳ ಪುಸ್ತಕ, ಮಾರ್ಚು. ಈಗಲೂ ಎದ್ದು ಹೋಗಿ ಸೌಟು ಹಿಡಿದರೆ, ಬಾಯಿ ತಪ್ಪಿ ಬಂತು ಅಣ್ಣ ಎಂದು ಅತ್ತರೆ, ಆ ಬೆರಳು ಹಿಂದಕ್ಕೆ ತಿರುಗಬಹುದು.

ಅವಳು ಎದ್ದಳು. ಬಾಗಿಲ ಕಡೆಗೆ ಹೋಗಲಿಲ್ಲ.

"ನೀವು ಆಗಲೇ ಮಾತಾಡಿದಿರಲ್ಲಮ್ಮ?" ಎಂದರು ಸಾಹೇಬರು.

"ಆಗ ಮಾತಾಡಿದವಳು ಅಡುಗೆಯವಳು ಸಾಹೇಬ್. ಈಗ ಮೀನುಗಾರ್ತಿ." ಅವಳು ಸೆರಗನ್ನು ಎತ್ತಿ ತೋರಿಸಿದಳು. "ಈ ಸೀರೆ ಬಾಡಿಗೆಯದು, ಕಂಪನಿ ಉಡಿಸಿದ್ದು. ನಾನು ಮಲ್ಪೆಯ ಮೀನುಗಾರರ ಮಗಳು, ಅದು ಬಾಡಿಗೆಯದಲ್ಲ. ಮಳೆಗಾಲದಲ್ಲಿ ನಮ್ಮಪ್ಪ ದೋಣಿಯನ್ನು ದಡಕ್ಕೆ ಎಳೆದಿಡುತ್ತಿದ್ದ. ಮೀನು ಮೊಟ್ಟೆ ಇಡುವ ಕಾಲ, ಬಲೆ ಹಾಕಬಾರದು. ನಾವು ಮಕ್ಕಳು ಗಂಜಿ ಕುಡಿದು ಕಾಯುತ್ತಿದ್ದೆವು. ಇವರು ಮೊಟ್ಟೆ ಇಡುವ ನೆಲವನ್ನೇ ಬಾಚಿಕೊಂಡು ಹೋದರೆ ಸಮುದ್ರ ಎಲ್ಲಿ ಬಸುರಾಗಬೇಕು, ಎಲ್ಲಿ ಹೆರಬೇಕು? ನಮಗೆ ಬೇಡ. ಬರೆದುಕೊಳ್ಳಿ."

"ಏ ಇಡ್ಲೀ!" ಎಂದು ಹಿಂದಿನಿಂದ ಒಂದು ಕೂಗು ಬಂತು. ಹಾಲಿನ ಗಾಜುಗಳು ಅದುರಿದವು. ವಿಮಲಾಳಿಗೆ ಕಣ್ಣು ತುಂಬಿಬಂತು.

"ಹೆಸರು?" ಎಂದ ಗುಮಾಸ್ತ.

"ವಿಮಲಾ. ಕಳವಾ."

ಪಕ್ಕದಲ್ಲಿ ಬಳೆಯ ಸದ್ದಾಯಿತು. ಜಯಲತಾ ಎದ್ದು ನಿಂತಿದ್ದಳು. "ನನ್ನದೂ ಬರೀರಿ. ಈ ಸೀರೆಯೂ ಬಾಡಿಗೆದೇ." ಅವಳ ಹಿಂದೆ ರುಬ್ಬುವವಳು, ಅವಳ ಹಿಂದೆ ಪಾತ್ರೆ ತೊಳೆಯುವವಳು, ಪ್ಲಾಸ್ಟಿಕ್ಕಿನ ಚಿನ್ನವನ್ನು ಕಿತ್ತು ಕುರ್ಚಿಯ ಮೇಲಿಟ್ಟು ಸಾಲಿನಲ್ಲಿ ನಿಂತರು.

ಬಾಗಿಲಲ್ಲಿ ಪ್ರೇಮನಾಥರ ಬೆರಳು ಇನ್ನೂ ಗಾಳಿಯಲ್ಲಿ ತಿರುಗುತ್ತಿತ್ತು. ಒಂದು ಖೋಲಿಗೆ ಬೀಗ ಹಾಕಿತು, ಎರಡನೆಯದಕ್ಕೆ ಹಾಕಿತು. ಆಮೇಲೆ, ನಾಳೆ ಬೆಳಗಿನ ಇಡ್ಲಿಗೆ ಅಕ್ಕಿ ನೆನೆಹಾಕುವವರು ಯಾರೆಂಬ ಯೋಚನೆ ಬಂತೋ ಏನೋ, ಅರ್ಧದಲ್ಲೇ ನಿಂತುಬಿಟ್ಟಿತು.